ಖಾಲಿ ಸೈಟಿನಿಂದ ಬಡಾವಣೆಯ ಕೈತೋಟ: ಯಾವುದು ಮೊದಲು, ಯಾವುದು ಆಮೇಲೆ

ಖಾಲಿ ಸೈಟಿನಲ್ಲಿ ತೋಟ ಮಾಡಲು ಹೊರಟ ಬಡಾವಣೆಗಳು ಸೋಲುವುದು ಗಿಡ ಬೆಳೆಸಲು ಬಾರದ್ದರಿಂದಲ್ಲ, ಕೆಲಸದ ಕ್ರಮ ತಪ್ಪುವುದರಿಂದ. ಪರಿಸರ ದಿನಕ್ಕೆ ಸಸಿ ತರುತ್ತಾರೆ, ಅಂದೇ ನೆಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಾಲ್ಕು ದಿನ ಮಳೆ ತಪ್ಪಿದರೆ ನೀರು ಹಾಕುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅಷ್ಟರಲ್ಲಿ ಮಾಲೀಕರ ಕಡೆಯವರು ಬಂದು ‘ಯಾರನ್ನು ಕೇಳಿ ಒಳಗೆ ಕಾಲಿಟ್ಟಿರಿ’ ಎನ್ನುತ್ತಾರೆ. ದೀಪಾವಳಿಯ ಹೊತ್ತಿಗೆ ಜಾಗ ಮತ್ತೆ ಪಾರ್ಥೇನಿಯಂ ಪಾಲು.

ಸರಿಯಾದ ಕ್ರಮ ಇದು: ಜಾಗ, ಕಾಗದ, ಜನ, ಬೇಲಿ, ನೀರು, ಮಣ್ಣು. ಬೀಜ ಕೊನೆಗೆ. ಇಲ್ಲಿ ಹೇಳಿರುವುದೆಲ್ಲ ಬೆಂಗಳೂರಿನ 30×40 ಅಡಿಯ ಸೈಟನ್ನು ಕಣ್ಣ ಮುಂದಿಟ್ಟುಕೊಂಡದ್ದು. ಡಿಸೆಂಬರ್-ಜನವರಿಯಲ್ಲಿ ಮಾಲೀಕರನ್ನು ಹುಡುಕಿ ಒಪ್ಪಂದ ಮಾಡಿಕೊಳ್ಳಿ, ಫೆಬ್ರವರಿಯಲ್ಲಿ ಜಾಗ ತೆರವು ಮಾಡಿ ಬೇಲಿ ಹಾಕಿ, ಮಾರ್ಚ್-ಏಪ್ರಿಲ್‌ನಲ್ಲಿ ನೀರು ಮತ್ತು ಮಣ್ಣಿನ ಕೆಲಸ ಮುಗಿಸಿ, ಮೇ ತಿಂಗಳ ಮಳೆಗೆ ಮಡಿಗಳು ಕೂರಲು ಬಿಡಿ, ಜೂನ್‌ನಲ್ಲಿ ಬಿತ್ತಿ. ಜೂನ್‌ನಲ್ಲಿ ಉತ್ಸಾಹ ಬಂದವರು ಆ ವರ್ಷ ಕಾಗದ ಮತ್ತು ಜನರ ಕೆಲಸ ಮಾಡಿ, ಅಕ್ಟೋಬರ್ ಬಿತ್ತನೆಗೆ ಗುರಿಯಿಟ್ಟರೆ ಸಾಕು.

## 1. ಜಾಗವನ್ನು ಪರೀಕ್ಷಿಸಿ: ಎಲ್ಲ ಖಾಲಿ ಸೈಟೂ ತೋಟಕ್ಕಲ್ಲ

ಮೊದಲು ಬಿಸಿಲು. ತರಕಾರಿಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಒಂದೇ ಕಡೆ ನಿಂತು ಫೋಟೊ ತೆಗೆಯಿರಿ. ದಕ್ಷಿಣಕ್ಕೆ ನಾಲ್ಕಂತಸ್ತಿನ ಮನೆಯಿದ್ದರೆ ಎಚ್ಚರ. ಜೂನ್‌ನಲ್ಲಿ ನೆತ್ತಿಯ ಮೇಲಿರುವ ಸೂರ್ಯ ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ, ಅರ್ಧ ಸೈಟು ನೆರಳಿಗೆ ಹೋಗುತ್ತದೆ. ಅಂಥ ಕಡೆ ನೆರಳಿನ ಭಾಗವನ್ನು ಗೊಬ್ಬರ ಗುಂಡಿಗೆ, ನೀರಿನ ಟ್ಯಾಂಕಿಗೆ, ಕೆಸುವಿಗೆ, ದೊಡ್ಡಪತ್ರೆಗೆ ಬಿಡಿ.

ಎರಡನೆಯದು ನೆಲದ ಒಳಗೆ ಏನಿದೆ ಎಂಬುದು. ಹಾರೆ ಹಿಡಿದು ನಾಲ್ಕು ಕಡೆ ಒಂದೂವರೆ ಅಡಿ ಅಗೆದು ನೋಡಿ. ಅಕ್ಕಪಕ್ಕದ ಮನೆ ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಟೈಲ್ಸ್, ಗಟ್ಟಿಯಾದ ಸಿಮೆಂಟ್ ಮೂಟೆ ಎಲ್ಲವೂ ಪಕ್ಕದ ಖಾಲಿ ಸೈಟಿಗೇ ಬಂದು ಬೀಳುವುದು ನಮ್ಮ ಪದ್ಧತಿ. ಒಂದು ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ನಾಲ್ಕು ಗಂಟೆಯಾದರೂ ನಿಂತೇ ಇದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಕೆಲವೇ ನಿಮಿಷದಲ್ಲಿ ಮಾಯವಾದರೆ ಕೆಳಗೆ ಬರೀ ಕಲ್ಲುಚೂರು. ಎರಡಕ್ಕೂ ಮದ್ದು ಎತ್ತರದ ಮಡಿ. ಆದರೆ ಖರ್ಚು ಹೆಚ್ಚು, ಅದನ್ನು ಈಗಲೇ ತಿಳಿದಿರಬೇಕು.

ಮೂರನೆಯದು ಜಾಗದ ಹಿಂದಿನ ಬಾಳು. ಬಡಾವಣೆಯ ಹಳಬರನ್ನು ಕೇಳಿ. ಗ್ಯಾರೇಜು, ಬ್ಯಾಟರಿ ಅಂಗಡಿ, ಪೇಂಟಿಂಗ್ ಶೆಡ್ಡು, ಗುಜರಿ ಇದ್ದ ನೆಲದಲ್ಲಿ ಸೀಸ ಉಳಿದಿರುವ ಸಾಧ್ಯತೆ ಇದೆ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಭಾರ ಲೋಹಗಳ ಅಂಶ ಬರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ಸಂಶಯವಿದ್ದರೆ ಆ ಜಾಗದಲ್ಲಿ ಹೂವು ಬೆಳೆಯಿರಿ, ಸೊಪ್ಪು ಬೇಡ.

ಹೈಟೆನ್ಷನ್ ತಂತಿಯ ಕೆಳಗಿನ ಜಾಗ, ರಾಜಕಾಲುವೆಯ ಅಂಚು, ನ್ಯಾಯಾಲಯದಲ್ಲಿ ವ್ಯಾಜ್ಯವಿರುವ ಸೈಟು, ಈ ಮೂರರ ತಂಟೆಗೆ ಹೋಗಬೇಡಿ.

## 2. ಮಾಲೀಕರು ಮತ್ತು ಕಾಗದ

ಹೆಚ್ಚಿನ ತಂಡಗಳು ಬಿಟ್ಟು ಮುಂದೆ ಹೋಗಿಬಿಡುವ ಹಂತ ಇದೇ. ಹತ್ತು ವರ್ಷದಿಂದ ಯಾರೂ ಬಂದಿಲ್ಲ ಎಂದ ಮಾತ್ರಕ್ಕೆ ಮಾಲೀಕರಿಲ್ಲ ಎಂದಲ್ಲ. ಎಂಟು ಬದನೆಗಿಡ ಕಾಯಿ ಬಿಟ್ಟ ವಾರವೇ ಅವರು ಪ್ರತ್ಯಕ್ಷರಾಗುತ್ತಾರೆ.

ಹುಡುಕುವ ದಾರಿ: ಸೈಟ್ ಸಂಖ್ಯೆ ಮತ್ತು ಬಡಾವಣೆಯ ನಕ್ಷೆ ಹಿಡಿದು ವಾರ್ಡಿನ ಕಂದಾಯ ಕಚೇರಿಯಲ್ಲಿ ಖಾತೆ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ ನಿಮ್ಮ ವಾರ್ಡು ಈಗ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಆಮೇಲೆ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದ, ತೆಗೆಸಿ. ಕೊನೆಯ ನೋಂದಾಯಿತ ವ್ಯವಹಾರ ಯಾರ ಹೆಸರಿಗಾಗಿದೆ ಎಂದು ಅದರಲ್ಲಿ ತಿಳಿಯುತ್ತದೆ. ಖಾತೆಯ ಹೆಸರೂ ಇ.ಸಿ.ಯ ಹೆಸರೂ ತಾಳೆಯಾಗದಿದ್ದರೆ ಆ ಸೈಟು ಬಿಟ್ಟು ಮುಂದಿನದಕ್ಕೆ ಹೋಗಿ.

ಮಾಲೀಕರು ಸಿಕ್ಕ ಮೇಲೆ ಅವರ ಭಯವನ್ನು ಅರ್ಥ ಮಾಡಿಕೊಳ್ಳಬೇಕು. ಮಾತು ಸಾಮಾನ್ಯವಾಗಿ ಹೀಗೇ ಸಾಗುತ್ತದೆ:

“ಒಳ್ಳೆಯ ಕೆಲಸವೇ. ಆದರೆ ನಾಳೆ ನಾನು ಮನೆ ಕಟ್ಟಲು ಬಂದಾಗ ನೀವು ಬಿಟ್ಟುಕೊಡದಿದ್ದರೆ?”

“ಅದಕ್ಕೇ ಸಾರ್ ಬರೆದುಕೊಡುತ್ತೇವೆ. ಬಾಡಿಗೆ ಬೇಡ, ಬೋಗ್ಯ ಬೇಡ. ನೀವು ಹೇಳಿದ ಅರುವತ್ತು ದಿನಕ್ಕೆ ಬೀಗದ ಕೈ ನಿಮ್ಮದು.”

ಈ ಭಯಕ್ಕೆ ಕಾನೂನಿನ ಆಧಾರವೂ ಇದೆ. 1963ರ ಕಾಲಮಿತಿ ಕಾಯ್ದೆಯಂತೆ ಖಾಸಗಿ ಜಮೀನಿನ ಮೇಲೆ ಮಾಲೀಕರ ಹಕ್ಕಿಗೆ ವಿರುದ್ಧವಾಗಿ ಹನ್ನೆರಡು ವರ್ಷ ಅದನ್ನು ವಶದಲ್ಲಿಟ್ಟುಕೊಂಡವರು ಹಕ್ಕು ಸಾಧಿಸಲು ಬರಬಹುದು. ಆದ್ದರಿಂದ ನಿಮ್ಮ ಕಾಗದ ‘ಮಾಲೀಕರ ಅನುಮತಿಯಿಂದ ಬಳಸುತ್ತಿದ್ದೇವೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಅದು ಗುತ್ತಿಗೆ ಕರಾರು ಆಗಬಾರದು, ಬರೀ ಬಳಕೆಯ ಪರವಾನಗಿ ಆಗಬೇಕು. ಇನ್ನೊಂದು ಸೂಕ್ಷ್ಮವನ್ನು ತಂಡಗಳಿಗೆ ಯಾರೂ ಹೇಳುವುದಿಲ್ಲ: 1882ರ ಈಸ್‌ಮೆಂಟ್ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ, ಪರವಾನಗಿ ಪಡೆದವರು ಅದನ್ನು ನಂಬಿ ಸ್ವಂತ ಖರ್ಚಿನಲ್ಲಿ ಶಾಶ್ವತ ಕಾಮಗಾರಿ ಮಾಡಿದ್ದರೆ ಆ ಪರವಾನಗಿಯನ್ನು ರದ್ದು ಮಾಡುವುದು ಕಷ್ಟ. ಮಾಲೀಕರ ವಕೀಲರಿಗೆ ಇದು ಗೊತ್ತಿರುತ್ತದೆ. ಆದ್ದರಿಂದ ಸಿಮೆಂಟ್ ಕಟ್ಟೆ, ಗಾರೆ ನೆಲ, ಬೋರ್‌ವೆಲ್, ಶೆಡ್ಡು ಯಾವುದೂ ಇಲ್ಲ ಎಂದು ನೀವೇ ಮುಂದಾಗಿ ಬರೆದುಕೊಡಿ.

ದೊಡ್ಡ ಮರವನ್ನೂ ನೆಡಬೇಡಿ. ನೆಟ್ಟ ಮರ ಬೆಳೆದರೆ ಮುಂದೆ ಕಡಿಯಲು, ಹಲವು ಜಾತಿಗಳಿಗೆ, 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ಜಾಗ ಕೊಟ್ಟ ಪುಣ್ಯಾತ್ಮರನ್ನು ಕಚೇರಿ ಅಲೆಸಿದ ಹಾಗಾಗುತ್ತದೆ.

ಒಪ್ಪಂದದಲ್ಲಿ ಇರಲೇಬೇಕಾದವು: ಅವಧಿ, ಜಾಗ ತೆರವಿಗೆ ಕೊಡಬೇಕಾದ ನೋಟಿಸ್ ದಿನಗಳು, ಶಾಶ್ವತ ಕಟ್ಟಡವಿಲ್ಲ ಎಂಬ ಮಾತು, ಒಳಗೆ ಯಾರಿಗಾದರೂ ಪೆಟ್ಟಾದರೆ ಮಾಲೀಕರು ಹೊಣೆಯಲ್ಲ ಎಂಬ ಮಾತು, ಆಸ್ತಿ ತೆರಿಗೆ ಯಾರು ಕಟ್ಟುತ್ತಾರೆ ಎಂಬುದು, ಮತ್ತು ಎರಡೂ ಕಡೆಯ ಇಬ್ಬಿಬ್ಬರ ಸಹಿ. ಅವಧಿ 11 ತಿಂಗಳು ಇರಲಿ, ಪ್ರತಿ ವರ್ಷ ಹೊಸದಾಗಿ ಬರೆಯಿರಿ. ಸ್ಟಾಂಪ್ ಪೇಪರ್ ಮೇಲೆ ಮಾಡಿಸಿ, ಒಬ್ಬ ವಕೀಲರಿಗೆ ತೋರಿಸಿ. ಮಾಲೀಕರು ವಿದೇಶದಲ್ಲಿದ್ದರೆ ಅವರ ಜಿ.ಪಿ.ಎ., ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಹೊಂದಿದವರು ಸಹಿ ಮಾಡಬಹುದು. ಆದರೆ ಜಿ.ಪಿ.ಎ. ಪ್ರತಿಯನ್ನು ನೋಡದೆ ಒಪ್ಪಬೇಡಿ. ‘ನಾನು ಅವರ ಭಾವಮೈದುನ, ನಾನು ಹೇಳಿದರೆ ಆಯಿತು’ ಎನ್ನುವವರ ಮಾತಿನ ಮೇಲೆ ಟ್ರ್ಯಾಕ್ಟರ್ ಮಣ್ಣು ತರಿಸಬಾರದು.

ಪಾರ್ಕಿಗೆ ಮೀಸಲಾದ ಜಾಗ ಮತ್ತು ಸಿ.ಎ. ಸೈಟುಗಳ, ಅಂದರೆ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಸೈಟುಗಳ, ದಾರಿಯೇ ಬೇರೆ. ಅಲ್ಲಿ ಪಾಲಿಕೆ ಅಥವಾ ಬಿ.ಡಿ.ಎ.ಯ ಲಿಖಿತ ಅನುಮತಿ ಇಲ್ಲದೆ ಗುದ್ದಲಿ ಮುಟ್ಟಬೇಡಿ. ಪಾರ್ಕುಗಳಿಗೆ 1985ರ ಪ್ರತ್ಯೇಕ ಕಾಯ್ದೆಯೇ ಇದೆ. ಕಾರ್ಪೊರೇಟರ್ ಬಾಯಿಮಾತಿನಲ್ಲಿ ಹೂಂ ಅಂದದ್ದು ಅನುಮತಿಯಾಗುವುದಿಲ್ಲ. ನನ್ನ ಸಲಹೆ ಕೇಳಿದರೆ, ಮೊದಲ ತೋಟ ಖಾಸಗಿ ಸೈಟಿನಲ್ಲೇ ಆಗಲಿ.

## 3. ಜನ: ಸಸಿಗೆ ಮೊದಲು ಸರದಿ ಪಟ್ಟಿ

ಆರಂಭಶೂರರಿಗೆ ನಮ್ಮಲ್ಲಿ ಬರವಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದ ಎಂಬತ್ತು ಜನರನ್ನು ಲೆಕ್ಕಕ್ಕೆ ಇಡಬೇಡಿ. ಒಂದು ಹಾಳೆಯಲ್ಲಿ ವಾರದ ಏಳು ದಿನ ಬರೆದು, ಪ್ರತಿ ದಿನದ ಎದುರು ಎರಡು ಮನೆಗಳ ಹೆಸರು ತುಂಬಿಸಿ. ಹದಿನಾಲ್ಕು ಮನೆ ತುಂಬಿದರೆ ತೋಟ ಶುರು ಮಾಡಬಹುದು. ತುಂಬದಿದ್ದರೆ ಅರ್ಧ ಸೈಟು ಸಾಕು. ಹೆಸರು ಬರೆಸುವಾಗ ‘ಏಪ್ರಿಲ್-ಮೇ ರಜೆಯಲ್ಲಿ ಊರಿಗೆ ಹೋಗುತ್ತೀರಾ’ ಎಂದು ಎಲ್ಲರನ್ನೂ ಕೇಳಿ. ಸಮುದಾಯ ತೋಟಗಳು ಸಾಯುವುದು ಆ ಎರಡು ತಿಂಗಳಲ್ಲೇ, ಬಡಾವಣೆಯ ಅರ್ಧ ಜನ ಅಜ್ಜಿಯ ಮನೆಯಲ್ಲಿರುವಾಗ.

ಮಡಿಗಳನ್ನು ಮನೆಗೊಂದರಂತೆ ಹಂಚಬೇಕೋ, ಎಲ್ಲವೂ ಸಾಮೂಹಿಕವೋ ಎಂಬ ಜಗಳ ಪ್ರತಿ ಬಡಾವಣೆಯಲ್ಲೂ ಆಗುತ್ತದೆ. ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ ಎನ್ನುವ ಸ್ಥಿತಿಗೆ ಬರುತ್ತದೆ. ಪೂರ್ತಿ ಹಂಚಿದರೆ ಊರಿಗೆ ಹೋದವರ ಮಡಿ ಕಳೆಯ ತವರಾಗುತ್ತದೆ. ಎಂಟು ಮಡಿಗಳನ್ನು ಮನೆಗಳ ಜೋಡಿಗೆ ಕೊಟ್ಟು, ನಾಲ್ಕನ್ನು ಸೊಪ್ಪಿಗೆಂದು ಸಾಮೂಹಿಕವಾಗಿ ಇಟ್ಟುಕೊಳ್ಳುವುದು ನನಗೆ ಸರಿ ಕಾಣುತ್ತದೆ. ಮೂರು ವಾರ ಸತತವಾಗಿ ಸರದಿ ತಪ್ಪಿಸಿದವರ ಮಡಿ ಮುಂದಿನವರಿಗೆ, ಎಂಬ ನಿಯಮವನ್ನು ಮೊದಲ ದಿನವೇ ಬರೆದಿಡಿ. ಆಮೇಲೆ ಬರೆದರೆ ಅದು ಒಬ್ಬರ ಮೇಲೆ ಹೊರಿಸಿದ ಆಪಾದನೆಯಂತೆ ಕಾಣುತ್ತದೆ.

ದುಡ್ಡು ಯಾರೋ ಒಬ್ಬರ ಸ್ವಂತ ಖಾತೆಗೆ ಹೋಗಬಾರದು. ನಿವಾಸಿಗಳ ಸಂಘವಿದ್ದರೆ ಅದರ ಖಾತೆ ಸಾಕು. ಇಲ್ಲದಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು.

## 4. ತೆರವು ಮತ್ತು ಬೇಲಿ ಒಂದೇ ದಿನ

ಬೇಕಾದ ಸಾಮಾನು: ಹಾರೆ, ಪಿಕಾಸಿ, ಎರಡು ಗುದ್ದಲಿ, ಸಲಿಕೆ, ನಾಲ್ಕು ಬಾಂಡ್ಲಿ, ಕುಡುಗೋಲು, ಮಣ್ಣು ಸೋಸುವ ಜರಡಿ, ಗಂಬೂಟು, ದಪ್ಪ ಕೈಗವಸು, ಮುಖಗವಸು. ಬಾಂಡ್ಲಿ ಮತ್ತು ಜರಡಿಯನ್ನು ಹತ್ತಿರದಲ್ಲಿ ಮನೆ ಕಟ್ಟುತ್ತಿರುವ ಮೇಸ್ತ್ರಿಯಿಂದ ಒಂದು ಭಾನುವಾರಕ್ಕೆ ಕೇಳಿ ತರಬಹುದು.

ಪೊದೆ ಕಡಿಯುವ ಮೊದಲು ಉದ್ದ ಕೋಲಿನಿಂದ ನೆಲ ಬಡಿಯುತ್ತಾ ಒಂದು ಸುತ್ತು ಬನ್ನಿ. ಕಲ್ಲಿನ ರಾಶಿಗೆ, ಹಳೆಯ ಹಲಗೆಯ ಕೆಳಗೆ ಬರಿಗೈ ಹಾಕಬೇಡಿ. ಹಾವು ಕಂಡರೆ ಕೆಲಸ ನಿಲ್ಲಿಸಿ, ಅದರ ಮೇಲೆ ಕಣ್ಣಿಟ್ಟು, ಹಾವು ಹಿಡಿಯುವ ನುರಿತವರನ್ನು ಕರೆಸಿ. ಕೊಲ್ಲುವುದು ವನ್ಯಜೀವಿ ಕಾಯ್ದೆಯಂತೆ ಅಪರಾಧ, ಮತ್ತು ಕೇರೆಹಾವು ಇದ್ದರೆ ನಿಮ್ಮ ತೋಟದ ಇಲಿ ಲೆಕ್ಕ ಅದೇ ನೋಡಿಕೊಳ್ಳುತ್ತದೆ.

ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ ಬೇರುಸಹಿತ ಕೀಳಬೇಕು. ಬರಿಗೈಯಲ್ಲಿ ಕಿತ್ತರೆ ಕೆಲವರಿಗೆ ಚರ್ಮದಲ್ಲಿ ತುರಿಕೆ, ಉಬ್ಬಸ ಬರುತ್ತದೆ. ಹೂ ಬಿಟ್ಟ ಗಿಡವನ್ನು ಗೊಬ್ಬರ ಗುಂಡಿಗೆ ಹಾಕಬೇಡಿ. ಅದಕ್ಕಿಂತ ಹಟಮಾರಿ ಕೊನ್ನಾರಿ ಗಡ್ಡೆ. ಮೇಲಿನ ಎಲೆ ಕೊಯ್ದರೆ ವಾರದಲ್ಲಿ ಮತ್ತೆ ಚಿಗುರುತ್ತದೆ, ಹೊದಿಸಿದ ರಟ್ಟನ್ನೂ ತೂರಿ ಬರುತ್ತದೆ. ಜೆಸಿಬಿ ಓಡಿಸಿದರೆ ಗಡ್ಡೆಗಳು ಸೈಟಿನ ತುಂಬ ಹರಡುತ್ತವೆ. ಇರುವ ಕಡೆ ಮಾತ್ರ ಆಳಕ್ಕೆ ಅಗೆದು, ಮಣ್ಣು ಜರಡಿ ಹಿಡಿದು ಗಡ್ಡೆ ಆರಿಸುವುದೊಂದೇ ದಾರಿ.

ಕಟ್ಟಡದ ಭಗ್ನಾವಶೇಷವನ್ನು ಇನ್ನೊಂದು ಖಾಲಿ ಸೈಟಿಗೆ ಸುರಿದು ಬರಬೇಡಿ. ಅದನ್ನು ಸಾಗಿಸುವ ವ್ಯವಸ್ಥೆಯನ್ನು ಪಾಲಿಕೆಯ ಘನತ್ಯಾಜ್ಯ ವಿಭಾಗದಲ್ಲಿ ವಿಚಾರಿಸಿ. ಇಡೀ ಇಟ್ಟಿಗೆ, ಚಪ್ಪಡಿ ಕಲ್ಲು ಸಿಕ್ಕರೆ ತೆಗೆದಿಡಿ, ಮಡಿಯ ಅಂಚಿಗೆ ಬೇಕಾಗುತ್ತದೆ. ಒಣ ಕಸಕ್ಕೆ ಬೆಂಕಿ ಹಚ್ಚುವುದು ಮಾತ್ರ ಬೇಡವೇ ಬೇಡ.

ಈ ಹಂತದ ದೊಡ್ಡ ತಪ್ಪೆಂದರೆ ಭಾನುವಾರ ತೆರವು ಮಾಡಿ, ಬೇಲಿಯನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳುವುದು. ವರ್ಷಗಟ್ಟಲೆ ಕಸ ಎಸೆದು ರೂಢಿಯಾದವರ ಕೈ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಸೋಮವಾರ ಬೆಳಿಗ್ಗೆ ಹಾಲು ತರಲು ಹೋದವರು ನೋಡಿದರೆ ನಾಲ್ಕು ಕಪ್ಪು ಕವರು, ಅದನ್ನು ಹರಿದ ನಾಯಿಗಳು. ಆದ್ದರಿಂದ ತೆರವಿನ ದಿನ ಸಂಜೆಯೊಳಗೆ ಕಂಬ ನೆಟ್ಟು ಚೈನ್‌ಲಿಂಕ್ ಜಾಲರಿ ಕಟ್ಟಿ, ಗೇಟಿಗೆ ಬೀಗ ಹಾಕಿ. ಕಂಬಕ್ಕೆ ಕಾಂಕ್ರೀಟ್ ಹಾಕದೆ ಕಲ್ಲು ತುಂಬಿ ಗುದ್ದಿದರೆ ಮುಂದೆ ಕೀಳಲು ಸುಲಭ. ಒಳಗೆ ಕಾಣುವಂಥ ಬೇಲಿಯೇ ಇರಲಿ. ತಗಡಿನ ಮರೆ ಹಿಂದೆ ನಡೆಯುವುದು ಬೇರೆಯೇ ವ್ಯವಹಾರ. ಕಸ ಬೀಳುತ್ತಿದ್ದ ಮೂಲೆಯಲ್ಲಿ ಬೀದಿದೀಪ ಕೆಟ್ಟಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಕಸ ತಡೆಯಲು ಗೋಡೆಗೆ ದೇವರ ಚಿತ್ರ ಅಂಟಿಸುವವರಿದ್ದಾರೆ. ದೇವರ ಕಾಲಬುಡದಲ್ಲೇ ಕಸ ಸುರಿದು ಹೋದದ್ದನ್ನು ಕಂಡಿರುವ ನನಗೆ ದೀಪದ ಮೇಲೆ ನಂಬಿಕೆ ಹೆಚ್ಚು.

## 5. ನೀರು: ಬೇಸಿಗೆಯ ಲೆಕ್ಕ ಹಾಕಿ

ಕುಡಿಯುವ ನೀರಿನ ಸಂಪರ್ಕವನ್ನು ನಂಬಿಕೊಂಡು ತೋಟ ಮಾಡಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತ್ತು. ಮುಂದಿನ ಬೇಸಿಗೆಯಲ್ಲೂ ಅಂಥ ಆದೇಶ ಬಂತು.

ಬೇಸಿಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. 4×10 ಅಡಿಯ ಮಡಿಗೆ 15ರಿಂದ 20 ಲೀಟರ್, ಅಂದರೆ ಹತ್ತು ಲೀಟರಿನ ಎರಡು ಕ್ಯಾನ್. ಹನ್ನೆರಡು ಮಡಿಗೆ ದಿನಕ್ಕೆ 180ರಿಂದ 240 ಲೀಟರ್. ಸಾವಿರ ಲೀಟರಿನ ಟ್ಯಾಂಕ್ ಹೆಚ್ಚೆಂದರೆ ಐದು ದಿನಕ್ಕೆ.

ಮೂಲಗಳನ್ನು ಈ ಕ್ರಮದಲ್ಲಿ ನೋಡಿ. ಮೊದಲು ಪಕ್ಕದ ಮನೆಯ ತಾರಸಿ. ಸಾವಿರ ಚದರಡಿ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,300 ಲೀಟರ್. ಸೋರಿದ್ದು, ಮೊದಲ ಕೊಳೆ ನೀರು ಬಿಟ್ಟದ್ದು ಕಳೆದರೂ 1,800 ಲೀಟರ್ ಉಳಿಯುತ್ತದೆ. ಆ ಮನೆಯವರಿಗೆ ಒಂದು ಮಡಿ ಕೊಟ್ಟರೆ ಪೈಪು ಎಳೆಯಲು ಬೇಡವೆನ್ನುವುದಿಲ್ಲ. ಎರಡನೆಯದು ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು. ಇದನ್ನು ಬದನೆ, ಬೆಂಡೆ, ಬಾಳೆಯಂಥ ಗಿಡಗಳ ಬುಡಕ್ಕೆ ಹಾಕಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗೆ ಬೇಡ. ಮೂರನೆಯದು ತರಕಾರಿ ತೊಳೆದ ನೀರು. ಆರ್‌.ಒ. ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಹೆಚ್ಚು. ದಿನವೂ ಅದನ್ನೇ ಹಾಕಿದರೆ ಎಲೆಯಂಚು ಸುಟ್ಟಂತಾಗುತ್ತದೆ.

ಟ್ಯಾಂಕನ್ನು ಐದಡಿ ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ ಮೋಟಾರಿಲ್ಲದೆ ಪೈಪಿನಲ್ಲಿ ನೀರು ಹರಿಯುತ್ತದೆ. ಎಲ್ಲ ಡ್ರಮ್ಮುಗಳಿಗೂ ಬಿಗಿ ಮುಚ್ಚಳ ಇಲ್ಲವೇ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ. 2024ರಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ನೀರು ನಿಲ್ಲಲು ಬಿಟ್ಟವರಿಗೆ ದಂಡದ ನಿಯಮ ತಂದಿದೆ. ತೋಟದ ಮೇಲೆ ಮೊದಲ ದೂರು ಬರುವುದೂ ಸೊಳ್ಳೆಯ ಹೆಸರಿನಲ್ಲೇ.

## 6. ಮಣ್ಣು

ಪರೀಕ್ಷೆಗೆ ಮಾದರಿ ತೆಗೆಯುವ ವಿಧಾನ: ಮೇಲಿನ ಕಸ ಸರಿಸಿ, ಎಂಟು ಹತ್ತು ಕಡೆ ಆರಿಂಚು ಆಳದ ಇಳಿಜಾರು ಗುಂಡಿ ತೋಡಿ, ಅಂಚಿನಿಂದ ತೆಳುವಾಗಿ ಮಣ್ಣು ಕೆರೆದು ಒಟ್ಟು ಮಾಡಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕಿಲೋ ಉಳಿಸಿ, ನೆರಳಿನಲ್ಲಿ ಒಣಗಿಸಿ ಕೊಡಿ. ಬೆಂಗಳೂರಿನವರಿಗೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಇದೆ. ಬೇರೆ ಜಿಲ್ಲೆಯವರು ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿ.

ವರದಿಯಲ್ಲಿ ಮೊದಲು ನೋಡಬೇಕಾದದ್ದು ರಸಸಾರ, ಅಂದರೆ ಪಿ.ಎಚ್. (pH). 6ರಿಂದ 7.5ರ ನಡುವೆ ಇದ್ದರೆ ನಿಶ್ಚಿಂತೆ. ಸಿಮೆಂಟ್, ಗಾರೆ ಬೆರೆತ ನಗರದ ಮಣ್ಣಿನಲ್ಲಿ ಅದು 8ನ್ನು ದಾಟುವುದುಂಟು. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅದನ್ನು ಗೊಬ್ಬರದ ಕೊರತೆ ಎಂದುಕೊಂಡು ಸಗಣಿ ಗೊಬ್ಬರ ಸುರಿಯುತ್ತಲೇ ಹೋಗುವವರಿದ್ದಾರೆ. ಗೊಬ್ಬರ, ಅಂದರೆ ಸಾರಜನಕ, ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಈ ಒಂದು ವ್ಯತ್ಯಾಸ ನೆನಪಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

ನೆಲ ಚೆನ್ನಾಗಿದ್ದರೆ ಹೊರಗಿನ ಮಣ್ಣು ತರಿಸುವ ಗೊಡವೆಯೇ ಬೇಡ. ಏಪ್ರಿಲ್ ಮಳೆಗೆ ಸೆಣಬು ಅಥವಾ ಹುರುಳಿ ದಟ್ಟವಾಗಿ ಚೆಲ್ಲಿ, ಹೂ ಬರುವ ಹೊತ್ತಿಗೆ, ಅಂದಾಜು 45 ದಿನಕ್ಕೆ, ಕೊಯ್ದು ಅಲ್ಲೇ ಮಣ್ಣಿಗೆ ಸೇರಿಸಿ. ಎರಡು ಮೂರು ವಾರ ಕೊಳೆಯಲು ಬಿಟ್ಟು ಬಿತ್ತಿ.

ನೆಲ ಕೆಟ್ಟಿದ್ದರೆ ಎತ್ತರದ ಮಡಿ. ಇಲ್ಲೇ ಮೋಸ ಹೋಗುವುದು. ಕೆಂಪುಮಣ್ಣು ಎಂದು ಟ್ರ್ಯಾಕ್ಟರಿನವರು ತಂದು ಸುರಿಯುವುದು ಬಹಳ ಸಲ ಯಾವುದೋ ಕಟ್ಟಡದ ಪಾಯ ಅಗೆದ ಮಣ್ಣು. ಬಣ್ಣ ಕಣ್ಣಿಗೆ ಹಬ್ಬ, ಒಳಗೆ ಜೀವವಿಲ್ಲ. ಒಂದು ಹಿಡಿ ತೆಗೆದುಕೊಂಡು ನೀರು ಚಿಮುಕಿಸಿ ಉಂಡೆ ಕಟ್ಟಿ. ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಲಾಡಿನಂತೆ ನುಣುಪಾಗಿ ಉಳಿದು, ಒಣಗಿದ ಮೇಲೆ ಗೋಡೆಗೆ ಎಸೆದರೂ ಒಡೆಯದಿದ್ದರೆ ಆ ಲೋಡನ್ನು ಇಳಿಸಿಕೊಳ್ಳಬೇಡಿ. ಮೇಲ್ಮಣ್ಣಿನಲ್ಲಿ ನಾರುಬೇರು, ಎಲೆಚೂರು, ಒಂದೆರಡು ಎರೆಹುಳವಾದರೂ ಕಾಣಬೇಕು. ಲಾರಿ ಬಂದಾಗ ಮನೆಯಲ್ಲಿ ಯಾರಿದ್ದರೆ ಅವರು ಸಹಿ ಹಾಕಿ ಇಳಿಸಿಕೊಳ್ಳುವುದು ಬೇಡ. ಮಣ್ಣು ನೋಡಲು ಬಲ್ಲ ಒಬ್ಬರು ಎದುರಿಗೆ ನಿಂತು ನೋಡಿದ ಮೇಲೆಯೇ ಇಳಿಸಬೇಕು.

ಮಿಶ್ರಣ: ಎರಡು ಭಾಗ ಮಣ್ಣಿಗೆ ಒಂದು ಭಾಗ ಚೆನ್ನಾಗಿ ಕಳಿತ ಗೊಬ್ಬರ. ಹಸಿ ಸಗಣಿ ಹಾಕಿದರೆ ಬೇರಿಗೆ ಕಾವು ತಗಲುತ್ತದೆ, ಗೊಣ್ಣೆಹುಳು ಮತ್ತು ಕಳೆಬೀಜ ಜೊತೆಗೇ ಬರುತ್ತವೆ. ಕಳಿತ ಗೊಬ್ಬರ ಮಳೆ ಬಿದ್ದ ನೆಲದಂತೆ ನಾರುತ್ತದೆ, ಸಗಣಿಯ ವಾಸನೆ ಇರುವುದಿಲ್ಲ.

## 7. ಮಡಿಗಳ ಅಳತೆ

ಮಡಿಯ ಅಗಲ ನಾಲ್ಕು ಅಡಿ ಮೀರಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿಗೆ ಮುಟ್ಟಬೇಕು, ಯಾರೂ ಮಡಿಯೊಳಗೆ ಕಾಲಿಡುವಂತಾಗಬಾರದು. ಉದ್ದ ಹತ್ತು ಅಡಿ, ನಡುವಿನ ದಾರಿ ಎರಡು ಅಡಿ. ಉದ್ದ ಮಾಡಿದರೆ ಜನ ಸುತ್ತಿ ಬರಲು ಬೇಸರಿಸಿ ದಾಟಿಕೊಂಡೇ ಹೋಗುತ್ತಾರೆ. 30 ಅಡಿ ಅಗಲದ ಸೈಟಿನಲ್ಲಿ ನಡುವೆ ಮೂರಡಿ ದಾರಿ ಬಿಟ್ಟು ಎರಡು ಸಾಲಿನಲ್ಲಿ ಆರಾರು ಮಡಿ ಹಿಡಿಸುತ್ತವೆ, ಟ್ಯಾಂಕಿಗೂ ಗೊಬ್ಬರಕ್ಕೂ ಒಂದು ಪಕ್ಕ ಉಳಿಯುತ್ತದೆ.

ಎತ್ತರ ಒಂದಡಿ ಎಂದಿಟ್ಟುಕೊಂಡರೆ ಒಂದು ಮಡಿಗೆ 40 ಘನ ಅಡಿ ಮಿಶ್ರಣ. ಹನ್ನೆರಡಕ್ಕೆ 480. ಮೊದಲ ಮಳೆಗೆ ಎರಡು ಮೂರು ಇಂಚು ಕುಸಿಯುತ್ತದೆ, ಆದ್ದರಿಂದ ಸ್ವಲ್ಪ ಗೊಬ್ಬರ ಉಳಿಸಿಟ್ಟಿರಿ. ಅಂಚಿಗೆ ಇಟ್ಟಿಗೆಯನ್ನು ಗಾರೆಯಿಲ್ಲದೆ ನಿಲ್ಲಿಸಿ. ಒಂದೆರಡು ಮಡಿಗಳನ್ನು ಎರಡೂವರೆ ಅಡಿ ಎತ್ತರಕ್ಕೆ ಕಟ್ಟಿ, ಕೆಳಗೆ ಒಣ ಎಲೆ, ತೆಂಗಿನ ಸಿಪ್ಪೆ ತುಂಬಿದರೆ ಮಂಡಿನೋವಿನ ಹಿರಿಯರು ನಿಂತೇ ಕೆಲಸ ಮಾಡಬಹುದು. ತೋಟಕ್ಕೆ ತಪ್ಪದೆ ಬರುವವರು ಅವರೇ ಆಗಿರುತ್ತಾರೆ.

## 8. ಗೊಬ್ಬರ ಗುಂಡಿ

ಮೂರು ಜಾಲರಿ ಪೆಟ್ಟಿಗೆ ಬೇಕು: ಒಂದು ತುಂಬುತ್ತಿರುವುದು, ಒಂದು ಕಳಿಯುತ್ತಿರುವುದು, ಒಂದು ಬಳಸುತ್ತಿರುವುದು. ಎರಡು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿ ತರಕಾರಿ ಸಿಪ್ಪೆ. ಬೀದಿ ಗುಡಿಸುವ ಪೌರಕಾರ್ಮಿಕರೊಂದಿಗೆ ಮಾತಾಡಿಕೊಂಡರೆ ಫೆಬ್ರವರಿ-ಮಾರ್ಚ್‌ನಲ್ಲಿ ಮೂಟೆಗಟ್ಟಲೆ ಎಲೆ ಸಿಗುತ್ತದೆ, ವರ್ಷಕ್ಕೆ ಬೇಕಾದಷ್ಟು ಆಗಲೇ ಕೂಡಿಟ್ಟುಕೊಳ್ಳಿ. ಬೇಯಿಸಿದ ಅನ್ನ, ಮಾಂಸ, ಎಣ್ಣೆ ಪದಾರ್ಥ ಹಾಕಿದರೆ ಇಲಿ ಬರುತ್ತದೆ.

ಮೂಗಿಗೆ ಘಾಟು ಹೊಡೆದರೆ ಹಸಿ ಹೆಚ್ಚಾಗಿದೆ, ಎಲೆ ಬೆರೆಸಿ ಮಗುಚಿ. ತಿಂಗಳಾದರೂ ಎಲೆ ಹಾಗೇ ಇದ್ದರೆ ನೀರು ಸಾಲದು, ಹುಳಿ ಮಜ್ಜಿಗೆ ಬೆರೆಸಿದ ನೀರು ಚಿಮುಕಿಸಿ. ಕಂದು ಬಣ್ಣದ ದಪ್ಪ ಹುಳುಗಳು ಗಿಜಿಗುಟ್ಟಿದರೆ ಗಾಬರಿಯಾಗಬೇಡಿ, ಕಸವನ್ನು ಬೇಗ ಕರಗಿಸುವವು ಅವೇ. ಆದರೆ ಪಕ್ಕದ ಮನೆಯವರ ಕಣ್ಣಿಗೆ ಬೀಳದಂತೆ ಮೇಲೆ ಒಂದು ಪದರ ಎಲೆ ಹೊದಿಸಿ. ಗೊಬ್ಬರ ಆಗಿದೆಯೋ ಇಲ್ಲವೋ ತಿಳಿಯಲು ಒಂದು ಕುಂಡದಲ್ಲಿ ತುಂಬಿ ಮೆಂತ್ಯ ಚೆಲ್ಲಿ. ಸರಿಯಾಗಿ ಮೊಳೆತರೆ ಆಗಿದೆ.

## 9. ಮೊದಲ ಬೆಳೆ ಸುಲಭದ್ದಾಗಿರಲಿ

ಮೊದಲ ಸಲವೇ ಹೂಕೋಸು, ಸ್ಟ್ರಾಬೆರಿ ಎಂದು ಹೊರಡಬೇಡಿ. ಜನರ ಕೈಗೆ ಒಂದು ತಿಂಗಳೊಳಗೆ ಏನಾದರೂ ಬರಬೇಕು. ಮೆಂತ್ಯ, ದಂಟು, ಹರಿವೆ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಮೂಲಂಗಿ, ಬೆಂಡೆ 45-50 ದಿನಕ್ಕೆ. ಸೊಪ್ಪಿನ ಬೀಜವನ್ನು ಒಂದೇ ದಿನ ಎಲ್ಲ ಮಡಿಗೆ ಚೆಲ್ಲಿದರೆ ಒಂದೇ ವಾರ ಎಲ್ಲರ ಮನೆಯಲ್ಲೂ ಮೆಂತ್ಯದ ರೊಟ್ಟಿ, ಮುಂದೆ ಮೂರು ವಾರ ಬರಿಗೈ. ಹತ್ತು ದಿನಕ್ಕೊಂದು ಮಡಿ ಬಿತ್ತಿ.

ಬೆಂಗಳೂರಿನಲ್ಲಿ ಜೂನ್-ಜುಲೈಗೆ ಬದನೆ, ಬೆಂಡೆ, ಹೀರೆ, ಹಾಗಲ, ಅವರೆ. ನಾಟಿ ಅವರೆಯನ್ನು ಆಗ ಬಿತ್ತಿದರೆ ಹಗಲು ಕಿರಿದಾಗುವ ಕಾಲಕ್ಕೆ ಹೂವಾಗಿ ಡಿಸೆಂಬರ್-ಜನವರಿಗೆ ಸೊನೆಯ ಕಾಯಿ. ಅಕ್ಟೋಬರ್-ನವೆಂಬರ್‌ಗೆ ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್, ಕೊತ್ತಂಬರಿ. ಇಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಆ ಜಡಿಮಳೆ ಮುಗಿಯುವ ತನಕ ಕೊತ್ತಂಬರಿ ಬೇಡ. ಫೆಬ್ರವರಿಗೆ ಅಲಸಂದೆ, ಸೌತೆ, ಬೆಂಡೆ. ಏಪ್ರಿಲ್‌ನಲ್ಲಿ ಸೊಪ್ಪಿನ ಮಡಿಗೆ ನೆರಳು ಪರದೆ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ನಮ್ಮ ಹವೆಗೆ ಹೊಂದುತ್ತವೆ. ಬೆಂಡೆಯ ಹಳದಿ ನಂಜು ರೋಗವನ್ನು ತಡೆಯಲೆಂದೇ ರೂಪಿಸಿದ್ದು ಅರ್ಕಾ ಅನಾಮಿಕ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಗಟ್ಟಿಗ. ಆದರೆ ಅದು ಹೈಬ್ರಿಡ್, ಬೀಜ ಉಳಿಸಿಕೊಂಡರೆ ಮುಂದಿನ ಬೆಳೆ ಹಾಗೇ ಬರುವುದಿಲ್ಲ.

ಕರಾವಳಿಯವರು ಈ ಕ್ಯಾಲೆಂಡರನ್ನು ಹಾಗೇ ಎತ್ತಿಕೊಳ್ಳಬೇಡಿ. ಮಂಗಳೂರಿನ ಜೂನ್-ಜುಲೈ ಮಳೆಗೆ ಸೊಪ್ಪಿನ ಬೀಜ ಕೊಚ್ಚಿಹೋಗುತ್ತದೆ, ಅಲ್ಲಿ ಹುಳಿ ಮಣ್ಣಿಗೆ ಸುಣ್ಣ ಬೇಕಾದೀತು. ಹುಬ್ಬಳ್ಳಿಯ ಎರೆಮಣ್ಣಿನಲ್ಲಿ ನೀರು ನಿಲ್ಲುವುದೇ ದೊಡ್ಡ ಸಮಸ್ಯೆ, ಕಲಬುರಗಿಯಲ್ಲಿ ನೆರಳು ಪರದೆ ಮಾರ್ಚ್‌ಗೇ ಬೇಕು.

## 10. ಎಚ್ಚರಿಕೆಯ ಗುರುತುಗಳು

ಎಲೆಯ ಅಡಿಯಲ್ಲಿ ಗಿಡಹೇನು, ಬಿಳಿನೊಣ: ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪುದ್ರವ, ಸಂಜೆ ಸಿಂಪಡಣೆ. ಮಧ್ಯಾಹ್ನದ ಬಿಸಿಲಿಗೆ ಹೊಡೆದರೆ ಎಲೆ ಸುಡುತ್ತದೆ.

ಬೆಳಗಾಗುವುದರೊಳಗೆ ಸಸಿಗಳ ತಲೆ ಮಾಯವಾಗಿ, ನೆಲದ ಮೇಲೆ ಹೊಳೆಯುವ ಗೆರೆ ಕಂಡರೆ ಬಸವನಹುಳು. ಸಂಜೆ ಪಪ್ಪಾಯಿ ಎಲೆ ಹರಡಿಟ್ಟು, ರಾತ್ರಿ ಟಾರ್ಚು ಹಿಡಿದು ಹೋಗಿ ಆರಿಸಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳಿಗಂತೂ ಮುಟ್ಟಲು ಬಿಡಬೇಡಿ.

ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವ ಗಿಡಕ್ಕೆ ಬಿಸಿಲಷ್ಟೇ ಕಾರಣ. ಬೆಳಿಗ್ಗೆಯೂ ಬಾಡಿಯೇ ಇದ್ದು ಮಣ್ಣು ಒದ್ದೆಯಿದ್ದರೆ ಬೇರು ಕೊಳೆಯುತ್ತಿದೆ. ಅದಕ್ಕೆ ಇನ್ನಷ್ಟು ನೀರು ಹಾಕುವುದು ಹೊಸಬರೆಲ್ಲರೂ ಮಾಡುವ ಉಪಚಾರ.

ಜನರಲ್ಲೂ ಗುರುತುಗಳಿವೆ. ಸರದಿ ಪುಸ್ತಕದಲ್ಲಿ ಒಂದೇ ಕೈಬರಹ ವಾರವಿಡೀ ಕಂಡರೆ, ಗೇಟಿನ ಕೀಲಿ ಒಬ್ಬರ ಮನೆಯಲ್ಲೇ ಉಳಿದರೆ, ಕೊಯ್ಲಿನ ದಿನ ಬಂದವರು ಕಳೆ ಕೀಳುವ ದಿನ ಕಾಣದಿದ್ದರೆ, ಕೂಡಲೇ ಸಭೆ ಕರೆಯಿರಿ. ಕೊಯ್ಲನ್ನು ತೂಗಿ, ಎಲ್ಲರ ಎದುರಿಗೆ ಹಂಚಿ. ಬೇಲಿಯ ಹೊರಗೆ ಕೈಗೆಟುಕುವಂತೆ ದೊಡ್ಡಪತ್ರೆ, ತುಳಸಿ, ಕರಿಬೇವು ಬೆಳೆಸಿ, ಬೀದಿಯವರು ಕಿತ್ತುಕೊಳ್ಳಲಿ. ಒಳಗಿನ ಕಳ್ಳತನ ತಾನಾಗಿ ಕಡಿಮೆಯಾಗುತ್ತದೆ.

## 11. ಜಾಗ ಬಿಟ್ಟುಕೊಡುವಾಗ

ಒಂದಲ್ಲ ಒಂದು ದಿನ ಮಾಲೀಕರು ಮನೆ ಕಟ್ಟಲು ಬರುತ್ತಾರೆ. ನೋಟಿಸ್ ಬಂದ ದಿನವೇ ಹೊಸ ಬಿತ್ತನೆ ನಿಲ್ಲಿಸಿ, ನಿಂತ ಬೆಳೆ ಕೊಯ್ಲು ಮುಗಿಸಿ. ಬೀಜ ಬಲಿಯುವ ಒಂದೆರಡು ಗಿಡ ಕೊನೆಯ ತನಕ ಇರಲಿ. ಮೇಲಿನ ಒಂದಡಿ ಮಣ್ಣು ನಿಮ್ಮ ತಂಡದ ಆಸ್ತಿ. ಅದನ್ನು ಗೋಣಿಚೀಲಗಳಲ್ಲಿ ತುಂಬಿ ಮುಂದಿನ ಸೈಟಿಗೆ ಸಾಗಿಸುತ್ತೇವೆ ಎಂದು ಮೊದಲ ಒಪ್ಪಂದದಲ್ಲೇ ಬರೆಸಿರಬೇಕು. ಇಲ್ಲದಿದ್ದರೆ ಪಾಯ ತೋಡುವ ಗುತ್ತಿಗೆದಾರರು ಅದನ್ನೇ ಕೆಂಪುಮಣ್ಣೆಂದು ಮಾರುತ್ತಾರೆ. ಬೇಲಿ, ಟ್ಯಾಂಕು, ಇಟ್ಟಿಗೆ ಎಲ್ಲ ತೆಗೆದು ನೆಲ ಸಮ ಮಾಡಿ, ನಾಲ್ಕು ಮೂಲೆಯಿಂದ ಫೋಟೊ ತೆಗೆದು, ಬೀಗದ ಕೈ ಕೊಟ್ಟದ್ದಕ್ಕೆ ಮಾಲೀಕರಿಂದ ಸಹಿ ಪಡೆಯಿರಿ. ಆ ಒಂದು ಹಾಳೆಯ ಪ್ರತಿ ನಿಮ್ಮ ಬಳಿ ಇದ್ದರೆ ಮುಂದಿನ ಸೈಟಿನ ಮಾಲೀಕರ ಜೊತೆ ಮಾತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.